ನುಡಿ ಸಂದೇಹ: ಪೋಲಿಷ್ ನಾಲಿಗೆಗೆ ಇಂಗ್ಲಿಷಿನ ‘ಟೇಕ್’

ಪೋಲೆಂಡಿನಲ್ಲಿ ಕೆಲಸಕ್ಕಿರುವ ಓದುಗರು, ಅಲ್ಲಿನವರ ಜೊತೆ ವ್ಯವಹರಿಸುವ ಇಲ್ಲಿನ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಎಲ್ಲದರ ನಡುವೆ ಕೂತಿರುವುದು ‘ಟೇಕ್’ ಎಂಬ ಒಂದೇ ಕ್ರಿಯಾಪದ. ಪೋಲಿಷ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇವೆ. ಅವುಗಳಲ್ಲಿ ಬರುವ ‘ಜ’ವನ್ನು ಪ್ರಾಣಿಗಳ ‘ಜೂ’ ಎನ್ನುವಾಗ ಬರುವ ಜಕಾರದಂತೆ ಓದಿಕೊಳ್ಳಿ.

ಪಕ್ಕದ ಮನೆಯ ಪೋಲಿಷ್ ಹುಡುಗಿ ಶಾಲೆ ಮುಗಿಸುವ ‘ಮತುರಾ’ ಪರೀಕ್ಷೆಗೆ ಓದುತ್ತಿದ್ದಾಳೆ. ಇಂಗ್ಲಿಷ್ ಹೇಳಿಕೊಡಿ ಎಂದು ಅವಳ ತಾಯಿ ಕೇಳಿದ್ದಾರೆ. ಟೇಕ್ ಔಟ್, ಟೇಕ್ ಅಪ್, ಟೇಕ್ ಓವರ್ ಎಂದು ಮೂವತ್ತರ ಪಟ್ಟಿ ಮಾಡಿ ಉರು ಹೊಡೆಸಿದೆ. ವಾರ ಕಳೆಯುವುದರೊಳಗೆ ಎಲ್ಲ ಕಲಸುಮೇಲೋಗರ. ಬೇರೆ ದಾರಿ ಇದೆಯೇ?
— ಕ್ರಾಕುವ್, ಪೋಲೆಂಡ್

ಇದೆ, ಅದೂ ಅವಳ ಮನೆಮಾತಿನೊಳಗೇ ಇದೆ. ಪಟ್ಟಿಯನ್ನು ಪಕ್ಕಕ್ಕಿಡಿ.

ಇಂಗ್ಲಿಷಿನಲ್ಲಿ ದಿಕ್ಕು ತೋರಿಸುವ ಚೂರು ಕ್ರಿಯಾಪದದ ಹಿಂದೆ ಬರುತ್ತದೆ: ಟೇಕ್ ಔಟ್. ಪೋಲಿಷಿನಲ್ಲಿ ಅದೇ ಚೂರು ಮುಂದೆ ಬಂದು ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ‘ತೆಗೆದುಕೊ’ ಎಂಬುದಕ್ಕೆ ಪೋಲಿಷಿನಲ್ಲಿ ಬ್ರಾಚ್, ವ್ಝೋಂಚ್ ಎಂದು ಎರಡು ರೂಪ. ಮೊದಲನೆಯದು ನಡೆಯುತ್ತಿರುವ ಕ್ರಿಯೆಗೆ, ಎರಡನೆಯದು ಮುಗಿದ ಕ್ರಿಯೆಗೆ. ವ್ಝೋಂಚ್‌ನ ಬಾಲದಲ್ಲಿರುವ ‘ಯೋಂಚ್’ ಹಳೆಯ ಧಾತು. ಅದು ಇವತ್ತು ಒಂಟಿಯಾಗಿ ಬಳಕೆಯಲ್ಲಿ ಉಳಿದಿಲ್ಲವೆಂದೇ ಹೇಳಬಹುದು, ಆದರೆ ಉಪಸರ್ಗ ಹತ್ತಿಸಿಕೊಂಡು ದೊಡ್ಡ ಕುಟುಂಬವನ್ನೇ ಸಾಕುತ್ತಿದೆ. ಆ ಕುಟುಂಬದ ಹಲವು ಪದಗಳು ಇಂಗ್ಲಿಷಿನ ಟೇಕ್ ಜೊತೆ ಜೋಡಿಯಾಗುತ್ತವೆ.

ಒಂದು ಹಾಳೆಯ ಎಡಗಡೆ ಇವನ್ನು ಬರೆಸಿ, ಬಲಗಡೆಯ ಇಂಗ್ಲಿಷನ್ನು ಅವಳೇ ತುಂಬಲಿ. ವಿಯೋಂಚ್, ಚೀಲದಿಂದ ಪುಸ್ತಕ ಹೊರತೆಗೆಯುವುದು: ಟೇಕ್ ಔಟ್. ಜ್ದ್ಯೋಂಚ್, ಕೋಟು ಬಿಚ್ಚುವುದು: ಟೇಕ್ ಆಫ್. ಪ್ಶೆಯೋಂಚ್, ಒಂದು ಕಂಪನಿ ಇನ್ನೊಂದನ್ನು ವಶಕ್ಕೆ ತೆಗೆದುಕೊಳ್ಳುವುದು: ಟೇಕ್ ಓವರ್. ಒದ್ಯೋಂಚ್, ಕಳೆಯುವುದು. ಇದು ಲೆಕ್ಕದ ಪದ, ಇಂಗ್ಲಿಷ್ ಮಕ್ಕಳೂ ‘ಫೈವ್ ಟೇಕ್ ಅವೇ ಟೂ’ ಎಂದೇ ಲೆಕ್ಕ ಮಾಡುತ್ತಾರೆ. ಜಾಯೋಂಚ್, ಜಾಗ ಅಥವಾ ಸಮಯ ಹಿಡಿಯುವುದು: ಟೇಕ್ ಅಪ್. ಅದೇ ಪದಕ್ಕೆ ‘ಶೆಂ’ ಸೇರಿಸಿದರೆ ಒಂದು ಹವ್ಯಾಸಕ್ಕೆ ಕೈಹಾಕುವುದು, ಅದೂ ಟೇಕ್ ಅಪ್ ಆಗುತ್ತದೆ. ಪ್ಶಿಯೋಂಚ್ ಎಂದರೆ ಒಪ್ಪಿಕೊಳ್ಳುವುದು, ಕೆಲಸಕ್ಕೆ ಸೇರಿಸಿಕೊಳ್ಳುವುದು. ಕೆಲಸದ ಅರ್ಥದಲ್ಲಿ ಇಂಗ್ಲಿಷ್ ಟೇಕ್ ಆನ್ ಎನ್ನುತ್ತದೆ. ಪೊಯೋಂಚ್, ವಿಷಯ ತಲೆಗೆ ಹೋಗುವುದು: ಟೇಕ್ ಇನ್.

ಎರಡನೆಯ ದಿನ ಬ್ರಾಚ್ ಮನೆತನಕ್ಕೆ ಬನ್ನಿ. ರೊಜೆಬ್ರಾಚ್ ಎಂದರೆ ಗಡಿಯಾರವನ್ನು ಬಿಡಿಬಿಡಿಯಾಗಿ ಬಿಚ್ಚುವುದು, ಟೇಕ್ ಅಪಾರ್ಟ್. ಜಾಬ್ರಾಚ್ ಎಂದರೆ ಕಿತ್ತುಕೊಂಡು ಹೋಗುವುದು ಅಥವಾ ಜೊತೆಗೆ ಒಯ್ಯುವುದು, ಟೇಕ್ ಅವೇ ಅಥವಾ ಟೇಕ್ ಅಲಾಂಗ್. ಇವೆಲ್ಲಕ್ಕಿಂತ ಸ್ವಾರಸ್ಯ ನಾಬ್ರಾಚ್‌ನಲ್ಲಿದೆ. ಅದಕ್ಕೆ ಯಾಮಾರಿಸುವುದು ಎಂಬ ಅರ್ಥವಿದೆ, ಇಂಗ್ಲಿಷಿನ ಟೇಕ್ ಇನ್‌ಗೂ ಅದೇ ಅರ್ಥವಿದೆ. ‘ಐ ವಾಸ್ ಟೇಕನ್ ಇನ್’ ಎಂದರೆ ಒಳಗೆ ಕರೆದುಕೊಂಡು ಹೋದರು ಎಂದು ತಿಳಿಯುವ ಕನ್ನಡದ ಹುಡುಗನಿಗೆ ಈ ಸಹಾಯ ಇಲ್ಲ. ಪೋಲಿಷ್ ಹುಡುಗಿಗೆ ಇದು ಅಮ್ಮನ ಮಾತಿನಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ. ಉಪಸರ್ಗಕ್ಕೆ ಉಪಸರ್ಗ ಎಂದು ಜೋಡಿಸಲು ಬಿಡಬೇಡಿ. ಜಾಯೋಂಚ್‌ನಲ್ಲಿ ‘ಜಾ’ಗೆ ‘ಅಪ್’ ಸಿಕ್ಕಿತೆಂದು ಜಾಪಿಸಾಚ್‌ಗೂ ‘ರೈಟ್ ಅಪ್’ ಎಂದರೆ ಕೆಟ್ಟಿತು, ಅದು ‘ರೈಟ್ ಡೌನ್’. ಇಡೀ ಪದಕ್ಕೆ ಇಡೀ ಪದ, ಅದೂ ಒಂದು ವಾಕ್ಯದೊಳಗೆ ಕೂತಿದ್ದಾಗ ಮಾತ್ರ ಜೋಡಿ ಮಾಡಿ. ಎರಡು ದಿನದಲ್ಲಿ ಹತ್ತು ಜೋಡಿ ಆದರೆ ಸಾಕು.

ಕುಟುಂಬಕ್ಕೆ ಸೇರದವು ಉಳಿಯುತ್ತವೆ. ವಿಮಾನ ಟೇಕ್ ಆಫ್ ಆಗುವುದಕ್ಕೆ ಪೋಲಿಷಿನಲ್ಲಿ ‘ಸ್ತಾರ್ತೊವಾಚ್’, ಅದು ಬೇರೆಯೇ ಪದ. ತಾಯಿಯನ್ನು ಹೋಲುವ ಟೇಕ್ ಆಫ್ಟರ್, ಒಬ್ಬರನ್ನು ನೋಡಿದ ಕೂಡಲೇ ಹಿಡಿಸುವ ಟೇಕ್ ಟು, ಇವಕ್ಕೂ ಈ ಮನೆತನದಲ್ಲಿ ನೆಂಟರಿಲ್ಲ. ಉರು ಹೊಡೆಯಬೇಕಾದ್ದು ಇಷ್ಟನ್ನೇ. ಮೂವತ್ತರ ಪಟ್ಟಿಗಿಂತ ಈ ಮೂರರ ಪಟ್ಟಿ ಹಗುರ.

ಆಫೀಸಿನ ಸಹೋದ್ಯೋಗಿ ಒಳ್ಳೆಯ ಇಂಗ್ಲಿಷ್ ಮಾತಾಡುತ್ತಾರೆ. ಆದರೂ ‘ಪ್ಲೀಸ್ ಟೇಕ್ ಆಫ್ ಇಟ್’ ಎನ್ನುತ್ತಾರೆ. ತಪ್ಪೆಂದು ಗೊತ್ತು, ಕಾರಣ ಹೇಳಲು ಬರಲಿಲ್ಲ.
— ವ್ರೊತ್ಸ್ವಾಫ್, ಪೋಲೆಂಡ್

ಪೋಲಿಷಿನಲ್ಲಿ ‘ಅದನ್ನು ಬಿಚ್ಚು’ ಎನ್ನಲು ‘ಜ್ದೆಯ್‌ಮಿಯ್ ತೊ’ ಎನ್ನುತ್ತಾರೆ. ಉಪಸರ್ಗ ಕ್ರಿಯಾಪದದೊಳಗೆ ಬೆಸೆದುಹೋಗಿದೆ, ‘ತೊ’ ಅದರ ನಂತರ ಬರುತ್ತದೆ. ನಡುವೆ ಸೂಜಿ ತೂರಿಸಲೂ ಜಾಗವಿಲ್ಲ. ಹಾಗಾಗಿ ಅವರ ಕಿವಿಗೆ ಟೇಕ್ ಆಫ್ ಕೂಡ ಬೆಸೆದ ಒಂದೇ ಪದ, ‘ಇಟ್’ ಹೊರಗೆ ನಿಲ್ಲಬೇಕು. ಇಂಗ್ಲಿಷಿನಲ್ಲಿ ಬೆಸುಗೆ ಸಡಿಲ. ‘ಟೇಕ್ ಆಫ್ ಯುವರ್ ಕೋಟ್’ ಸರಿ, ‘ಟೇಕ್ ಯುವರ್ ಕೋಟ್ ಆಫ್’ ಸರಿ. ಕೋಟಿನ ಬದಲು ಇಟ್, ದೆಮ್, ಹಿಮ್ ಬಂತೋ, ಅದು ನಡುವೆಯೇ ಕೂರಬೇಕು: ‘ಟೇಕ್ ಇಟ್ ಆಫ್’.

ಇದರ ಹಿಂದೆ ಒತ್ತಿನ ಲೆಕ್ಕವೂ ಇದೆ. ‘ಟೇಕ್ ಇಟ್ ಆಫ್’ನಲ್ಲಿ ಒತ್ತು ಬೀಳುವುದು ಕೊನೆಯ ‘ಆಫ್’ ಮೇಲೆ. ‘ಇಟ್’ ಹಗುರವಾಗಿ ‘ಟೇಕಿಟಾಫ್’ ಎಂದು ಜಾರಿಹೋಗುತ್ತದೆ. ಹಗುರದ ಪದವನ್ನು ಕೊನೆಗೆ ಬಿಡುವುದು ಇಂಗ್ಲಿಷಿಗೆ ಒಗ್ಗುವುದಿಲ್ಲ. ಪೋಲಿಷಿನಲ್ಲಿ ಒತ್ತು ಹೆಚ್ಚುಕಡಿಮೆ ಯಾವಾಗಲೂ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಆ ಅಭ್ಯಾಸದಲ್ಲಿ ‘ಟೇಕ್ ಇಟ್ ಆಫ್’ ಹೇಳಹೊರಟರೆ ನಡುವಿನ ‘ಇಟ್’ ದಪ್ಪವಾಗುತ್ತದೆ. ಆದ್ದರಿಂದ ನಿಯಮ ಹೇಳುವುದಕ್ಕಿಂತ ತಾಳ ಹಾಕಿಸಿ. ಮೇಜಿನ ಮೇಲೆ ಬೆರಳಿನಲ್ಲಿ ತಟ್ಟುತ್ತ ಟೇಕಿಟ್-ಆಫ್, ಟೇಕಿಟ್-ಔಟ್, ಟೇಕಿಟ್-ಡೌನ್, ಟೇಕಿಟ್-ಬ್ಯಾಕ್ ಎಂದು ಕೊನೆಯದಕ್ಕೆ ಜೋರಾಗಿ ತಟ್ಟಿಸಿ.

ಎಲ್ಲವೂ ಹೀಗೆ ಬಿಚ್ಚಿಕೊಳ್ಳುವುದಿಲ್ಲ. ‘ಶಿ ಟೇಕ್ಸ್ ಆಫ್ಟರ್ ಹರ್ ಮದರ್’ ಎಂಬುದನ್ನು ‘ಟೇಕ್ಸ್ ಹರ್ ಮದರ್ ಆಫ್ಟರ್’ ಎಂದು ಮಾಡಲಾಗದು. ಪರೀಕ್ಷೆ ಇಷ್ಟೇ: ನಾಮಪದವನ್ನು ನಡುವೆ ಇಟ್ಟು ಹೇಳಿ ನೋಡಿ. ಒಪ್ಪಿದರೆ ಸರ್ವನಾಮ ನಡುವೆ, ಒಪ್ಪದಿದ್ದರೆ ಸರ್ವನಾಮ ಕೊನೆಗೆ: ‘ಟೇಕ್ಸ್ ಆಫ್ಟರ್ ಹರ್’. ಟೇಕ್ ಟು ಕೂಡ ಈ ಎರಡನೆಯ ಗುಂಪಿನದು. ಕೇಂಬ್ರಿಡ್ಜಿನ ಬಿ2 ಫಸ್ಟ್ ಪರೀಕ್ಷೆಯಲ್ಲಿ ಕೊಟ್ಟ ಪದವನ್ನು ಬದಲಿಸದೆ ಎರಡರಿಂದ ಐದು ಪದಗಳಲ್ಲಿ ವಾಕ್ಯ ತುಂಬುವ 6 ಪ್ರಶ್ನೆಗಳಿರುತ್ತವೆ. ಅಲ್ಲಿ ಪದ ಗೊತ್ತಿದ್ದೂ ಸರ್ವನಾಮವನ್ನು ತಪ್ಪು ಜಾಗದಲ್ಲಿಟ್ಟರೆ ಅಂಕ ಹೋಗುತ್ತದೆ.

ವಾರ್ಸಾದ ತಂಡದವರೊಬ್ಬರು ‘ಐ ವಾಸ್ ಪಾಸಿಂಗ್ ಆ್ಯನ್ ಎಕ್ಸಾಮ್ ಆನ್ ಫ್ರೈಡೇ’ ಎಂದು ಬರೆದರು. ನಾನು ಅಭಿನಂದನೆ ಹೇಳಿದೆ. ಫಲಿತಾಂಶ ಇನ್ನೂ ಬಂದಿಲ್ಲ ಎಂದರು! ಏನಿದು?
— ಬೆಂಗಳೂರು

‘ಜ್ದಾವಾಚ್’ ಮತ್ತು ‘ಜ್ದಾಚ್’ ಒಂದೇ ಕ್ರಿಯಾಪದದ ಎರಡು ಮುಖ. ಪರೀಕ್ಷೆಯ ಮಾತು ಬಂದಾಗ ಮೊದಲನೆಯದಕ್ಕೆ ಪರೀಕ್ಷೆಗೆ ಕೂರುವುದು ಎಂದು ಅರ್ಥ, ಎರಡನೆಯದಕ್ಕೆ ಪಾಸಾಗುವುದು ಎಂದು. ಪೋಲಿಷರು ಎರಡಕ್ಕೂ ‘ಪಾಸ್’ ಹಿಡಿದುಕೊಂಡು, ನಡೆಯುತ್ತಿತ್ತು ಎಂಬುದನ್ನು ತೋರಿಸಲು ‘ಪಾಸಿಂಗ್’ ಮಾಡುತ್ತಾರೆ. ಅವರು ಹೇಳಬೇಕಿದ್ದದ್ದು ‘ಐ ಟುಕ್ ಆ್ಯನ್ ಎಕ್ಸಾಮ್ ಆನ್ ಫ್ರೈಡೇ’.

ನಮ್ಮವರೂ ಸಾಚಾ ಅಲ್ಲ. ‘ಪರೀಕ್ಷೆ ಬರೆದೆ’ ಎಂದು ಅಭ್ಯಾಸವಾದ ಬಾಯಿಗೆ ‘ಐ ರೋಟ್ ದಿ ಎಕ್ಸಾಮ್’ ಎಂದೇ ಬರುತ್ತದೆ. ಭಾರತದಲ್ಲಿ ಅದು ನಡೆಯುತ್ತದೆ, ಆದರೆ ವಾರ್ಸಾದವರಿಗೆ ನೀವು ಪ್ರಶ್ನೆಪತ್ರಿಕೆ ತಯಾರಿಸಿದಿರೇನೋ ಎನಿಸಬಹುದು. ಇಬ್ಬರೂ ‘ಟೇಕ್’ ಹತ್ತಿರ ಬಂದು ಕೈಕುಲುಕಿದರೆ ಗೊಂದಲ ಇಲ್ಲ.

ಇಲ್ಲಿನ ಗೆಳೆಯರು ‘ಟೇಕ್ ಎ ಕ್ರೆಡಿಟ್’, ‘ಮೇಕ್ ಎ ಫೋಟೋ’ ಎಂದೆಲ್ಲ ಹೇಳುತ್ತಿರುತ್ತಾರೆ. ಇಂಥವನ್ನು ಒಟ್ಟಿಗೆ ತಿದ್ದುವುದು ಹೇಗೆ?
— ಕ್ರಾಕುವ್, ಪೋಲೆಂಡ್

ಇವು ಎರಡು ಬಗೆ: ಪೋಲಿಷಿನಲ್ಲಿ ‘ತೆಗೆದುಕೊ’ ಇದ್ದು ಇಂಗ್ಲಿಷಿನಲ್ಲಿ ಬೇರೆ ಆಗುವವು, ಪೋಲಿಷಿನಲ್ಲಿ ಬೇರೆ ಇದ್ದು ಇಂಗ್ಲಿಷಿನಲ್ಲಿ ಟೇಕ್ ಆಗುವವು. ಬೆರೆಸಿ ಕಲಿಸಿದರೆ ತಿದ್ದಿದ್ದೇ ಮತ್ತೆ ಕೆಡುತ್ತದೆ.

ಮೊದಲ ಬಗೆಯಲ್ಲಿ ಅಪಾಯದ್ದು ‘ಕ್ರೆದಿತ್’. ಬ್ಯಾಂಕ್ ಸಾಲಕ್ಕೆ ಪೋಲಿಷಿನಲ್ಲಿ ‘ವ್ಝೋಂಚ್ ಕ್ರೆದಿತ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಟೇಕ್ ಕ್ರೆಡಿಟ್’ ಎಂದರೆ ಆದ ಕೆಲಸದ ಹೆಸರು ತಾನು ಹೊಡೆದುಕೊಳ್ಳುವುದು. ಮನೆಸಾಲದ ಸುದ್ದಿ ಹೇಳಲು ಹೋಗಿ ಬೇರೆಯವರ ಕೀರ್ತಿಗೆ ಕೈಹಾಕಿದಂತಾಗುತ್ತದೆ. ಸಾಲಕ್ಕೆ ‘ಟೇಕ್ ಔಟ್ ಎ ಲೋನ್’. ವಿಮೆ, ಚಂದಾ ಮುಂತಾಗಿ ಕಾಗದಪತ್ರದ ಮೇಲೆ ಪಡೆಯುವುದಕ್ಕೂ ಇದೇ ‘ಔಟ್’. ವಿಮೆಗೆ ಪೋಲಿಷರು ‘ವಿಕುಪಿಚ್’ ಎನ್ನುತ್ತಾರೆ, ಅದರ ‘ವಿ’ ಕೂಡ ‘ಹೊರಗೆ’ ಎಂಬುದೇ. ಅದನ್ನು ತೋರಿಸಿದರೆ ‘ಔಟ್’ ಮರೆಯುವುದಿಲ್ಲ. ಮದುವೆಯಾಗುವುದಕ್ಕೆ ‘ವ್ಝೋಂಚ್ ಶ್ಲುಬ್’, ಅಂದರೆ ಮದುವೆ ತೆಗೆದುಕೊಳ್ಳುವುದು; ಇಂಗ್ಲಿಷಿನಲ್ಲಿ ‘ಗೆಟ್ ಮ್ಯಾರೀಡ್’. ಗಣನೆಗೆ ತೆಗೆದುಕೊಳ್ಳುವುದು ಪೋಲಿಷಿನಲ್ಲಿ ‘ಗಮನದ ಕೆಳಗೆ’ ತೆಗೆದುಕೊಳ್ಳುವುದು. ಹಾಗಾಗಿ ‘ಟೇಕ್ ಅಂಡರ್ ಅಟೆನ್ಶನ್’ ಎಂಬ ವಿಚಿತ್ರ ಹುಟ್ಟುತ್ತದೆ. ‘ಟೇಕ್ ಇಂಟು ಅಕೌಂಟ್’ ಎಂದು ತಿದ್ದಿ.

ಎರಡನೆಯ ಬಗೆಗೆ ಕಾರಣ ‘ರೊಬಿಚ್’, ಅಂದರೆ ಮಾಡು. ಫೋಟೋವನ್ನು ಪೋಲಿಷರು ‘ಮಾಡುತ್ತಾರೆ’, ವಿರಾಮವನ್ನೂ ‘ಮಾಡಿಕೊಳ್ಳುತ್ತಾರೆ’. ಅದಕ್ಕೇ ‘ಮೇಕ್ ಎ ಫೋಟೋ’, ‘ಮೇಕ್ ಎ ಬ್ರೇಕ್’. ಎರಡಕ್ಕೂ ಇಂಗ್ಲಿಷಿನಲ್ಲಿ ಟೇಕ್ ಬೇಕು. ‘ಮೇಕ್ ಎ ಬ್ರೇಕ್ ಫಾರ್ ಇಟ್’ ಎಂದರೆ ತಪ್ಪಿಸಿಕೊಂಡು ಓಡುವುದು, ಕಾಫಿ ವಿರಾಮಕ್ಕೆ ಅಷ್ಟು ಅವಸರ ಬೇಡ. ಸಭೆ ಜರುಗುವುದಕ್ಕೆ ಪೋಲಿಷಿನಲ್ಲಿ ‘ಜಾಗ ಇರುವುದು’ ಎಂಬ ನುಡಿ ಇದೆ. ಅದು ‘ಹ್ಯಾವ್ ಪ್ಲೇಸ್’ ಆಗಿ ಹೊರಬೀಳುತ್ತದೆ, ಸರಿ ರೂಪ ‘ಟೇಕ್ ಪ್ಲೇಸ್’.

ಫೋಟೋದ ವಿಷಯದಲ್ಲಿ ಒಂದು ಗುಟ್ಟು. ಪೋಲಿಷಿನಲ್ಲಿ ಫೋಟೋಗೆ ‘ಜ್ದ್ಯೆಂಚೆ’ ಎನ್ನುತ್ತಾರೆ. ಅದು ಹುಟ್ಟಿದ್ದು ಮೇಲೆ ಹೇಳಿದ ಕೋಟು ಬಿಚ್ಚುವ ‘ಜ್ದ್ಯೋಂಚ್’ನಿಂದ, ಅಂದರೆ ಫೋಟೋ ಎಂದರೆ ‘ತೆಗೆದದ್ದು’. ಕನ್ನಡದಲ್ಲೂ ಅಂಗಿ ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ. ನಿಮ್ಮ ಗೆಳೆಯರ ನಾಮಪದದೊಳಗೇ ಟೇಕ್ ಅಡಗಿ ಕೂತಿದೆ, ಕ್ರಿಯಾಪದ ಮಾತ್ರ ‘ಮಾಡು’ ಕಡೆ ಎಳೆಯುತ್ತಿದೆ. ಇದನ್ನು ಒಮ್ಮೆ ಹೇಳಿ ನೋಡಿ, ಆಮೇಲೆ ತಿದ್ದುವ ಅಗತ್ಯ ಬೀಳುವುದು ಕಡಿಮೆ.

ಆರ್ಟಿಕಲ್ ಬಗ್ಗೆ ಒಂದು ಸಾಲು: ಪೋಲಿಷಿನಲ್ಲೂ ಕನ್ನಡದಲ್ಲೂ ಅದು ಇಲ್ಲವಾದ್ದರಿಂದ ಇಬ್ಬರೂ ‘ಟುಕ್ ಬಾತ್’ ಎನ್ನುತ್ತೇವೆ. ಟೇಕ್ ಎ ಬಾತ್, ಎ ಶವರ್, ಎ ಬ್ರೇಕ್, ಎ ಸೀಟ್ ಇವಕ್ಕೆಲ್ಲ ‘ಎ’ ಬೇಕು. ಟೇಕ್ ಪ್ಲೇಸ್, ಟೇಕ್ ಪಾರ್ಟ್, ಟೇಕ್ ಕೇರ್ ಇವಕ್ಕೆ ಬೇಡ. ಇದಕ್ಕೆ ಅಡ್ಡದಾರಿ ಇಲ್ಲ, ಬಾಯಿಪಾಠವೇ.

‘ಇಟ್ ಟೇಕ್ಸ್ ಟು ಮೀ ಟ್ವೆಂಟಿ ಮಿನಿಟ್ಸ್’ — ಇದರಲ್ಲಿ ‘ಟು’ ಎಲ್ಲಿಂದ ಬಂತು?
— ಗ್ದಾನ್ಸ್ಕ್, ಪೋಲೆಂಡ್

‘ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ’ ಎನ್ನುವಾಗ ಕನ್ನಡದಲ್ಲಿ ‘ಗೆ’ ಇದೆಯಲ್ಲ, ಅಲ್ಲಿಂದಲೇ. ಪೋಲಿಷಿನಲ್ಲೂ ಇಲ್ಲಿ ‘ಮಿ’ ಎಂಬ ಚತುರ್ಥಿ ರೂಪ ಬರುತ್ತದೆ. ಇಂಗ್ಲಿಷಿಗೆ ‘ಮೀ’ ಅಷ್ಟೇ ಸಾಕು: ‘ಇಟ್ ಟೇಕ್ಸ್ ಮೀ ಟ್ವೆಂಟಿ ಮಿನಿಟ್ಸ್ ಟು ಗೆಟ್ ದೇರ್’. ‘ಟು’ ಬರಬೇಕಾದ್ದು ಮುಂದೆ, ಕೆಲಸ ಹೇಳುವ ಕ್ರಿಯಾಪದದ ಮೊದಲು.

ಟೇಕ್ ಇರುವ ನುಡಿಗಟ್ಟುಗಳಲ್ಲಿ ಪೋಲಿಷಿನಲ್ಲೂ ಹಾಗೇ ಇರುವವು ಯಾವುವು? ಕಲಿಸುವಾಗ ಅಲ್ಲಿಂದ ಶುರು ಮಾಡೋಣ ಎಂದಿದ್ದೇನೆ.
— ಪೊಜ್ನಾನ್, ಪೋಲೆಂಡ್

ಶುರು ಮಾಡಿ, ಆದರೆ ಹಾಗೇ ಇರುವವು ಕಲಿಸಲು ಅಷ್ಟೇನೂ ಸ್ವಾರಸ್ಯವಲ್ಲ. ಗೂಳಿಯನ್ನು ಕೊಂಬು ಹಿಡಿದು ಎದುರಿಸುವ ‘ಟೇಕ್ ದಿ ಬುಲ್ ಬೈ ದಿ ಹಾರ್ನ್ಸ್’ ಪೋಲಿಷಿನಲ್ಲಿ ಅಕ್ಷರಶಃ ಇದೆ. ಮನಸ್ಸಿಗೆ ಹಚ್ಚಿಕೊಳ್ಳುವ ‘ಟೇಕ್ ಟು ಹಾರ್ಟ್’ ಕೂಡ ಇದೆ. ಒಂದು ನಿಮಿಷದ ಕೆಲಸ.

ಅರ್ಧ ಹೊಂದುವವುಗಳ ಮೇಲೆ ಕೂತುಕೊಳ್ಳಿ. ‘ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್’ ಎಂಬಲ್ಲಿ ಇಂಗ್ಲಿಷಿನವರು ಚಿಟಿಕೆ ಉಪ್ಪು ಹಾಕುತ್ತಾರೆ (ಅಮೆರಿಕದವರು ಒಂದು ಕಾಳು ಉಪ್ಪು). ಪೋಲಿಷರು ‘ಕಣ್ಣು ಕಿರಿದು ಮಾಡಿ’ ತೆಗೆದುಕೊಳ್ಳುತ್ತಾರೆ. ಕ್ರಿಯಾಪದ ಒಂದೇ, ಅರ್ಥವೂ ಹತ್ತಿರ, ಆದರೆ ಪೂರ್ತಿ ಒಂದೇ ಅಲ್ಲ. ಇಂಗ್ಲಿಷಿನದು ಹೇಳಿದ್ದು ನಿಜವೋ ಅಲ್ಲವೋ ಎಂಬ ಅನುಮಾನ. ಪೋಲಿಷಿನದರಲ್ಲಿ ‘ತಮಾಷೆಗೆ ಅಂದದ್ದು, ಗಂಭೀರವಾಗಿ ಹಿಡಿಯಬೇಡ’ ಎಂಬ ಛಾಯೆಯೂ ಉಂಟು. ಹಾಸ್ಯಚಿತ್ರವೊಂದನ್ನು ಉಪ್ಪಿನ ಜೊತೆ ನೋಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಮಾತು ಓರೆಯಾಗುತ್ತದೆ.

ನಮಗೆ ಇಷ್ಟವಾದದ್ದು ಓಟದ ನುಡಿಗಟ್ಟು. ಇಂಗ್ಲಿಷಿನಲ್ಲಿ ‘ಟೇಕ್ ಟು ಒನ್ಸ್ ಹೀಲ್ಸ್’, ಹಿಮ್ಮಡಿಗೆ ಶರಣು. ಪೋಲಿಷಿನಲ್ಲಿ ‘ವ್ಝೋಂಚ್ ನೊಗಿ ಜಾ ಪಾಸ್’, ಅಂದರೆ ಕಾಲನ್ನೇ ಎತ್ತಿ ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುವುದು. ಕನ್ನಡದಲ್ಲಿ ಕಾಲಿಗೆ ಬುದ್ಧಿ ಹೇಳುವುದು. ಮೂವರೂ ಓಡುತ್ತಿದ್ದಾರೆ, ಕನ್ನಡದವನು ಮಾತ್ರ ಕಾಲಿನ ಜೊತೆ ಮಾತುಕತೆ ಮಾಡಿ ಓಡುತ್ತಾನೆ. ಆದರೆ ಇಂಗ್ಲಿಷಿನದು ಇವತ್ತು ಪುಸ್ತಕದ ಮಾತು. ಓದಿ ಅರ್ಥವಾದರೆ ಸಾಕು, ಮಾತಿನಲ್ಲಿ ‘ರ್‍ಯಾನ್ ಅವೇ’ ಎಂದರಾಯಿತು.

ಏನೂ ಹೊಂದದ್ದು ‘ಟೇಕ್ ಸಮ್‌ವನ್ ಫಾರ್ ಎ ರೈಡ್’. ಸವಾರಿಗೆ ಕರೆದೊಯ್ಯುವುದೆಂಬ ನೇರ ಅರ್ಥ ಇದ್ದರೂ ನುಡಿಗಟ್ಟಾಗಿ ಇದು ಟೋಪಿ ಹಾಕುವುದು. ಪೋಲಿಷರು ಇದಕ್ಕೆ ಮನುಷ್ಯನನ್ನು ಸೀಸೆಯೊಳಗೆ ತುರುಕುತ್ತಾರೆ. ಸಹೋದ್ಯೋಗಿಯನ್ನು ಹೊಸ ಕಾರಿನಲ್ಲಿ ಸುತ್ತಾಡಿಸಿದ್ದನ್ನು ಹೇಳುವಾಗ ‘ಟುಕ್ ಹಿಮ್ ಔಟ್ ಫಾರ್ ಎ ಡ್ರೈವ್’ ಎನ್ನುವುದು ಕ್ಷೇಮ.

ಪೋಲಿಷರಿಗೆ ಉಪಸರ್ಗದ ಆಸರೆ ಇದೆ ಎಂದಿರಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಥ ಆಸರೆ ಏನಾದರೂ ಇದೆಯೇ?
— ಮೈಸೂರು

ಇದೆ, ಅದು ಇಂಗ್ಲಿಷಿನ ಹಾಗೇ ಕ್ರಿಯಾಪದದ ಹಿಂದೆ ನಿಂತಿದೆ. ‘ತಿನ್ನು’ ಬೇರೆ, ‘ತಿಂದುಬಿಡು’ ಬೇರೆ. ಎರಡನೆಯದು ತಟ್ಟೆ ಖಾಲಿ ಮಾಡು ಎಂಬ ಒತ್ತಾಯ, ಇಂಗ್ಲಿಷಿನಲ್ಲಿ ‘ಈಟ್ ಅಪ್’. ಕುಡಿದುಬಿಡು ‘ಡ್ರಿಂಕ್ ಅಪ್’, ಮನೆ ಸುಟ್ಟುಹೋಯಿತು ‘ಬರ್ನ್ಟ್ ಡೌನ್’, ಬರೆದುಕೊ ‘ರೈಟ್ ಡೌನ್’. ಪೋಲಿಷರು ಇದೇ ‘ಪೂರ್ತಿ’ಯನ್ನು ಮುಂದೆ ಅಂಟಿಸುತ್ತಾರೆ: ತಿನ್ನಲು ಯೆಶ್ಚ್, ತಿಂದು ಮುಗಿಸಲು ಜ್ಯೆಶ್ಚ್.

‘ಟೇಕ್ ಇಟ್ ಆಫ್’ನ ನಡುವಿನ ಜಾಗವನ್ನು ತೋರಿಸಲೂ ಕನ್ನಡ ಒದಗುತ್ತದೆ. ತಿಂದುಬಿಟ್ಟ ಎಂಬುದನ್ನು ‘ತಿಂದೇ ಬಿಟ್ಟ’ ಎಂದು ಒಡೆದು ನಡುವೆ ‘ಏ’ ತೂರಿಸುತ್ತೇವಲ್ಲ, ಎರಡು ಭಾಗದ ಕ್ರಿಯಾಪದದಲ್ಲಿ ಸಂದು ಇರುತ್ತದೆ ಎಂಬುದಕ್ಕೆ ಮಕ್ಕಳ ಬಾಯಲ್ಲೇ ಇರುವ ಉದಾಹರಣೆ ಅದು. ಇಂಗ್ಲಿಷ್ ಆ ಸಂದಿನಲ್ಲಿ ‘ಇಟ್’ ಕೂರಿಸುತ್ತದೆ.

ತೆಗೆ ಎಂಬುದನ್ನು ಮಾತ್ರ ಕಣ್ಣು ಮುಚ್ಚಿ ಟೇಕ್ ಮಾಡಿಸಬೇಡಿ. ತೆಗೆದುಹಾಕು ‘ಟೇಕ್ ಅವೇ’ ಆಗಬಹುದು, ಆದರೆ ತೆಗೆದಿಡು ‘ಪುಟ್ ಅಸೈಡ್’, ಬಾಗಿಲು ತೆಗೆ ‘ಓಪನ್’.

ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಪೋಲಿಷ್ ಮಕ್ಕಳಿಗೆ ಕೋಡಿಂಗ್ ಹೇಳಿಕೊಡುತ್ತೇನೆ. ‘ಐ ಆಮ್ ಟೇಕಿಂಗ್ ಎ ಕ್ಲಾಸ್ ಅಟ್ ಫೈವ್’ ಎಂದರೆ, ‘ಏನು ಕಲಿಯುತ್ತಿದ್ದೀರಿ?’ ಎಂದು ಕೇಳುತ್ತಾರೆ.
— ಹುಬ್ಬಳ್ಳಿ

ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಮೇಷ್ಟ್ರು ಕ್ಲಾಸ್ ತಗೋತಾರೆ. ಅಮೆರಿಕನ್ ಇಂಗ್ಲಿಷಿನಲ್ಲಿ ಕ್ಲಾಸ್ ‘ಟೇಕ್’ ಮಾಡುವವರು ವಿದ್ಯಾರ್ಥಿಗಳು. ಬ್ರಿಟಿಷರಲ್ಲಿ ಎರಡೂ ಕೇಳಿಬರುತ್ತದೆ. ಪೋಲಿಷಿನಲ್ಲಿ ಕಲಿಸುವವರು ಕ್ಲಾಸನ್ನು ‘ನಡೆಸುತ್ತಾರೆ’, ತೆಗೆದುಕೊಳ್ಳುವುದಿಲ್ಲ. ‘ಐ ಆಮ್ ಟೀಚಿಂಗ್ ಎ ಕ್ಲಾಸ್ ಅಟ್ ಫೈವ್’ ಎನ್ನಿ, ಯಾರೂ ಮರುಪ್ರಶ್ನೆ ಹಾಕುವುದಿಲ್ಲ.